ಬಳ್ಳಾರಿಯಿಂದ ಸಂಡೂರಿಗೆ ಸ್ಪೋರ್ಟ್ಸ್ ಕಾರ್ ತಗೊಂಡು ಹೋಗ್ಬಹುದಾ, ತಳ ಬಡಿಯುತ್ತಾ?

ಕ್ಲಬ್ಬಿನ ಎಂಟು ಕಾರು, ಒಂದು ಭಾನುವಾರ, "ಮುಂಚೆ ಮೈನಿಂಗ್ ಇದ್ದ ಸಣ್ಣ ಊರು" ಸಂಡೂರಿಗೆ ಹೋಗಿ ಸಂಜೆ ವಾಪಸ್, ಆಗುತ್ತಾ ಅಂತ ಕೇಳಿದೀರಿ. ಆಗುತ್ತೆ ರೀ, ಹೋಗ್ರಿ. ನಾನು ಬಳ್ಳಾರಿಯವನೇ, ಗೆಳೆಯರ ಜೊತೆ ಆ ದಾರಿಲಿ ಎಷ್ಟೋ ಸಲ ಹೋಗಿದೀನಿ. ಆದ್ರೆ "ಮುಂಚೆ ಇದ್ದ" ಅನ್ನೋದನ್ನ ಮೊದ್ಲು ತಲೆಯಿಂದ ತೆಗೀರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಲಿ ಮೈನಿಂಗ್ ನಿಲ್ಲಿಸಿದ್ದು ನಿಜ, ಆಮೇಲೆ ಅಕ್ರಮ ಎಷ್ಟು ನಡೆದಿದೆ ಅಂತ ನೋಡಿ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, ಅತಿ ಹೆಚ್ಚು ಅಕ್ರಮದ ಸಿ ಗಣಿಗಳ ಲೀಸ್‌ಗಳನ್ನ 2013ರಲ್ಲಿ ರದ್ದು ಮಾಡಿದ್ರು, ಉಳಿದವು ಮತ್ತೆ ಶುರುವಾದ್ವು, ಈಗ್ಲೂ ಕಬ್ಬಿಣದ ಅದಿರಿನ ಲಾರಿ ಓಡ್ತಾವೆ.

ನಿಮ್ಮ ಕಾರಿಗೆ ಕಷ್ಟ ಕೊಡೋದು ಇದೇ ಲಾರಿಗಳು, ಸ್ಪೀಡು ಅಲ್ಲ. ತೋರಣಗಲ್ಲು ತನಕ ಹೈವೇ, ಚಿಂತಿಲ್ಲ. ಅಲ್ಲಿಂದ ಎಡಕ್ಕೆ ತಿರುಗಿದ ಮೇಲೆ ಟಿಪ್ಪರ್ ಹಿಂದೆ ಅಂಟ್ಕೊಂಡು ಹೋಗ್ಬೇಡ್ರಿ, ಅದಿರಿನ ಚೂರು ಸಣ್ಣದಿದ್ರೂ ಕಬ್ಬಿಣದ ತೂಕ, ಗಾಜಿಗೆ ಬಿದ್ರೆ ಗುರುತು ಗ್ಯಾರಂಟಿ.

ಇನ್ನು ಹಂಪ್ಸ್. ರೂಲ್ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ 3.7 ಮೀಟರ್ ಅಗಲ ಇರ್ಬೇಕು, ಹಂಗಿದ್ರೆ ನಿಮ್ಮ ಕಾರೂ ನಿಧಾನಕ್ಕೆ ದಾಟುತ್ತೆ, ಆದ್ರೆ ಹಳ್ಳಿ ಮುಂದಿನವು ಹಂಗಿರಲ್ಲ, ಅಗಲ ಕಮ್ಮಿ, ಚೂಪಗಿರ್ತಾವೆ. ಒಂದ್ಸಲ ನಮ್ಮ ಜೊತೆಗಿದ್ದ ಒಂದು ತಗ್ಗು ಕಾರು ಅಂಥ ಹಂಪಿನ ಮೇಲೆ ಹೊಟ್ಟೆ ಊರಿ ನಿಂತ್ಬಿಡ್ತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಪಕ್ಕದ ಚಾ ಅಂಗಡಿ ಅಜ್ಜ ಕೂರೋ ಬೆಂಚಿನ ಹಲಗೆ ಬಿಚ್ಕೊಂಡು ಬಂದು ಚಕ್ರದ ಮುಂದೆ ಇಟ್ಟು "ನಿಧಾನ ಬಿಡಪ್ಪ" ಅಂತ ತಾನೇ ಕೈ ಸನ್ನೆ ಮಾಡಿ ದಾಟಿಸ್ದ, ದುಡ್ಡು ಕೊಟ್ರೆ ತಗೊಳ್ಳಲಿಲ್ಲ. ಅವತ್ತಿಂದ ನಮ್ಮ ಡಿಕ್ಕಿಲಿ ಎರಡು ಹಲಗೆ ಇರ್ತಾವೆ. ನೀವೂ ಇಟ್ಕೊಳ್ರಿ, ಹಂಪನ್ನ ನೇರ ಹತ್ತಿಸ್ದೆ ಓರೆಯಾಗಿ ಒಂದೊಂದೇ ಚಕ್ರ ಹತ್ತಿಸ್ರಿ, ಮುಂದಿನ ಕಾರಿನವರು ಹಿಂದಿನವರಿಗೆ ಫೋನಲ್ಲಿ ಹೇಳ್ತಾ ಹೋಗ್ಲಿ.

ತಾರಾನಗರದ ಹತ್ರ ನಾರಿಹಳ್ಳ ಡ್ಯಾಮ್ ಬರುತ್ತೆ, ಅಲ್ಲೇ ಭೀಮಗಂಡಿ, ಎರಡೂ ಕಡೆ ಗುಡ್ಡ ಸೀಳಿದಂಗೆ ಐತೆ. ಅಲ್ಲಿ ಇಳಿದು ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ರಿ. ಸೆಪ್ಟೆಂಬರ್ ಹೊತ್ತಿಗೆ ಹೋದ್ರೆ ಗುಡ್ಡವೆಲ್ಲ ಹಸಿರು, ಮಧ್ಯೆ ಮಧ್ಯೆ ಅಗೆದಲ್ಲಿ ಮಾತ್ರ ಕೆಂಪು, ಅದನ್ನ ನೋಡಿದ್ರೆ ನಂಗೆ ಈಗ್ಲೂ ಹೊಟ್ಟೆ ಚುರ್ ಅನ್ನುತ್ತೆ. ಮಳೆ ಬಿದ್ದಾಗ ರೋಡಿನ ಅಂಚಿನ ಧೂಳು ಕೆಸರಾಗಿ ಜಾರುತ್ತೆ, ಅಗಲ ಟೈರಿನವರು ಹುಷಾರು.

ಊರೊಳಗೆ ಒಗ್ಗರಣೆ ಮಿರ್ಚಿ ತಿನ್ರಿ, ಕುಶಲ ಕಲಾ ಕೇಂದ್ರಕ್ಕೆ ಮೊದ್ಲೇ ಫೋನ್ ಮಾಡಿ ತೆರೆದಿರುತ್ತಾ ಕೇಳ್ಕೊಂಡು ಹೋಗ್ರಿ, ಅಲ್ಲಿ ಲಂಬಾಣಿ ಹೆಣ್ಮಕ್ಕಳ ಕಸೂತಿ ನೋಡ್ದೆ ಬಂದ್ರೆ ಸಂಡೂರು ನೋಡಿದಂಗೇ ಅಲ್ಲ. ಕನ್ನಡಿ ಚೂರು ಕೂರಿಸಿ ಹೊಲಿಯೋ ಕೆಲಸ ಅದು, ಇದು ಈ ಊರಿನದೇ ಅಂತ ಗುರುತಿಸೋ ಜಿಐ ಟ್ಯಾಗೂ ಸಿಕ್ಕಿದೆ. ಆಮೇಲೆ ಕುಮಾರಸ್ವಾಮಿ ಗುಡಿ, ಕಾಡಿನ ರೋಡು, ಅಲ್ಲಿ ಸೈಲೆನ್ಸರ್ ಸದ್ದು ಮಾಡಿಸ್ಬೇಡ್ರಿ ದಯವಿಟ್ಟು. ಪಕ್ಕದ ಗಣಿ ರಸ್ತೆಗಳಿಗೆ ನುಗ್ಗಬೇಡ್ರಿ.

ಇನ್ನೊಂದು, ವಾಪಸ್ ಬಂದ ಮೇಲೆ ಕಾರಿನ ಮೇಲಿನ ಕೆಂಪು ಧೂಳನ್ನ ಒಣ ಬಟ್ಟೆಲಿ ಒರೆಸಲೇಬೇಡ್ರಿ. ಅದು ಮಣ್ಣಲ್ಲ, ಅದಿರಿನ ಪುಡಿ, ಪೇಂಟ್ ಮೇಲೆ ಉಜ್ಜಿದ ಗೆರೆ ಹಂಗೇ ಉಳಿಯುತ್ತೆ. ಮೊದ್ಲು ಬರೀ ನೀರು ಚೆನ್ನಾಗಿ ಬಿಡ್ರಿ, ಕೆಂಪು ನೀರು ಹೋಗೋದು ನಿಂತ ಮೇಲೆ ಶಾಂಪೂ. ಏರ್ ಫಿಲ್ಟರ್‌ನೂ ಅವತ್ತೇ ಬಿಚ್ಚಿ ನೋಡ್ರಿ.