ಆರಾಮಾಗಿರುವ ಮಗುವಿನ ಮೂಗಿಗೆ ನ್ಯುಮೋಕಾಕಸ್ ಬಂದದ್ದು ಎಲ್ಲಿಂದ?

ಮಗು ಆಟ ಆಡಿಕೊಂಡು ಆರಾಮಾಗಿದೆ, ಆದ್ರೂ ಮೂಗಿನ ಸ್ವ್ಯಾಬ್‌ನಲ್ಲಿ ನ್ಯುಮೋಕಾಕಸ್ (ನ್ಯುಮೋನಿಯಾ ತರಬಲ್ಲ ಒಂದು ಬ್ಯಾಕ್ಟೀರಿಯಾ) ಬಂದಿದೆ, ಎಲ್ಲಿಂದ ಅಂಟಿತು ಅಂತ ಕೇಳಿದ್ದೀರಿ. ಗಾಬರಿ ಬೇಡ. ಈ ಬ್ಯಾಕ್ಟೀರಿಯಾ ಇರೋದೇ ಚಿಕ್ಕ ಮಕ್ಕಳ ಮೂಗಿನ ಹಿಂದೆ, ಗಂಟಲಿಗೆ ಸೇರುವ ಜಾಗದಲ್ಲಿ. ಹೆಚ್ಚಿನ ಸಲ ಏನೂ ಮಾಡದೆ ಸುಮ್ನೆ ಕೂತಿರುತ್ತದೆ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ. ಅದು ಹೋದರೆ ಇನ್ನೊಂದು ಬಗೆಯದು ಬರುತ್ತದೆ. ಇದರಲ್ಲಿ 100ಕ್ಕೂ ಹೆಚ್ಚು ಬಗೆ ಇವೆ!

ಬರೋದು ಜಾಸ್ತಿ ಇನ್ನೊಂದು ಮಗುವಿಂದಲೇ. ಅಂಗನವಾಡಿಯಲ್ಲಿ ಐದು ನಿಮಿಷ ಕೂತು ನೋಡಿ: ಒಬ್ಬ ಸಿಂಬಳವನ್ನು ಕೈಯಲ್ಲಿ ಒರೆಸಿಕೊಂಡು ಅದೇ ಕೈಯಲ್ಲಿ ಬೊಂಬೆ ಹಿಡಿಯುತ್ತಾನೆ, ಪಕ್ಕದವಳು ಅದನ್ನು ಕಿತ್ತುಕೊಂಡು ನೇರ ಬಾಯಿಗಿಡುತ್ತಾಳೆ. ಶೀತ ಆಗಿದ್ದಾಗ ಸಿಂಬಳದ ಜೊತೆ ಇದೂ ಜಾಸ್ತಿ ಹೊರಗೆ ಬರುತ್ತದೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಇದ್ದರಂತೂ ಕೂಸಿಗೆ ಮೊದಲ ಕೆಲವು ತಿಂಗಳಲ್ಲೇ ಬಂದುಬಿಡುತ್ತದೆ. ಈ ಬ್ಯಾಕ್ಟೀರಿಯಾದ ಹೊರಗೆ ಸಕ್ಕರೆಯಂಥ ಒಂದು ಹೊದಿಕೆ ಇರುತ್ತದೆ, ಎರಡು ವರ್ಷದೊಳಗಿನ ಮಕ್ಕಳ ದೇಹ ಅದನ್ನು ಸರಿಯಾಗಿ ಗುರುತಿಸೋದಿಲ್ಲ, ಹಾಗಾಗಿ ಚಿಕ್ಕವರಲ್ಲಿ ಇದು ಸುಲಭವಾಗಿ ಕೂರುತ್ತದೆ.

ಬರೀ ಸ್ವ್ಯಾಬ್ ನೋಡಿ ಆ್ಯಂಟಿಬಯಾಟಿಕ್ ಕೊಡಿಸಬೇಡಿ. ಹೋದರೂ ಮತ್ತೆ ಬರುತ್ತದೆ, ಮದ್ದಿಗೆ ಜಗ್ಗದ ಬಗೆ ಉಳಿದರೆ ಇನ್ನೂ ಕಷ್ಟ. ನ್ಯುಮೋಕಾಕಸ್ ವಿರುದ್ಧದ ಪಿಸಿವಿ ಲಸಿಕೆ ಆಗಿದೆಯಾ ನೋಡಿ. ಸರ್ಕಾರಿ ಪಟ್ಟಿಯಲ್ಲಿ 6 ವಾರ, 14 ವಾರ, 9 ತಿಂಗಳಿಗೆ ಉಚಿತ. 2021ರಿಂದ ದೇಶದ ಎಲ್ಲ ಕಡೆ ಇದೆ. ಲಸಿಕೆಯಲ್ಲಿರುವ ಬಗೆಗಳು ಮೂಗಲ್ಲಿ ಕೂರೋದೂ ಕಡಿಮೆ ಆಗುತ್ತದೆ, ಮನೆಯ ಅಜ್ಜ ಅಜ್ಜಿಗೂ ಅದರ ಲಾಭ ಉಂಟು. ಉಸಿರು ಜೋರಾಗಿ ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.