ನೀರಿನ ಕಾವಲು, ಉಪ್ಪಿನ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಮೂತ್ರಪಿಂಡ ಕೆಟ್ಟಿದ್ದರಿಂದ ವಾರಕ್ಕೆ 3 ಸಲ, ಯಂತ್ರದಲ್ಲಿ ರಕ್ತ ಸೋಸಿ ಹೆಚ್ಚಿನ ನೀರು ತೆಗೆಯುವ ಡಯಾಲಿಸಿಸ್‌ಗೆಂದು ಹುಬ್ಬಳ್ಳಿಗೆ ಬರುತ್ತಿದ್ದ, ಐವತ್ತು ದಾಟಿದ ರೈತರೊಬ್ಬರನ್ನು ಅವರ ಪತ್ನಿ ನನ್ನ ಬಳಿ ಕರೆತಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. "ಇವ್ರು ನನ್ನ ಕಣ್ಣು ತಪ್ಪಿಸಿ ನೀರು ಕುಡೀತಾರ್ರೀ ಮೇಡಂ, ಹೇಳಿ ಹೇಳಿ ಸಾಕಾಗೇತಿ" ಎಂಬುದು ಆ ತಾಯಿಯ ದೂರು. ಎಲ್ಲ ದ್ರವವೂ ಸೇರಿ ದಿನಕ್ಕೆ 1 ಲೀಟರ್ ಮೀರಬಾರದೆಂದು ವೈದ್ಯರು ಹೇಳಿದಂದಿನಿಂದ ಆಕೆ ನೀರಿನ ಕೊಡವನ್ನು ಅಡುಗೆಮನೆಯಲ್ಲಿಟ್ಟು ರಾತ್ರಿ ಕೀಲಿ ಹಾಕುತ್ತಿದ್ದರು. ಅವರು ನಡುರಾತ್ರಿ ಎದ್ದು ದನದ ಕೊಟ್ಟಿಗೆಯ ನಳಕ್ಕೆ ಬೊಗಸೆಯೊಡ್ಡುತ್ತಿದ್ದರು. ಒಂದು ಡಯಾಲಿಸಿಸ್‌ನಿಂದ ಮುಂದಿನದಕ್ಕೆ ತೂಕ 4 ಕಿಲೋ ಏರುತ್ತಿತ್ತು. ಅಷ್ಟು ನೀರನ್ನು 4 ತಾಸಿನೊಳಗೆ ತೆಗೆಯುವಾಗ ರಕ್ತದೊತ್ತಡ ಕುಸಿದು, ಮೀನಖಂಡ ಸೆಟೆದು ಅವರು ನರಳುತ್ತಿದ್ದರು.

ಪತ್ನಿಯನ್ನು ಹೊರಗೆ ಕೂರಿಸಿ ರೈತರನ್ನು ಮಾತಾಡಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, "ನಾ ಕಳ್ಳ ಅಲ್ರೀ. ನೀರಡಿಕಿ ತಡ್ಕೊಳ್ಳಾಕ ಆಗಂಗಿಲ್ರೀ" ಎಂದರು. ಆ ಮಾತನ್ನು ನಾನು ಪೂರ್ತಿ ನಂಬಿದೆ, ಏಕೆಂದರೆ ದೇಹದ ವ್ಯವಸ್ಥೆಯೇ ಹಾಗಿದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಅದನ್ನು ವಿವರಿಸಿದೆ. ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಟ್ಟು ಉಳಿದದ್ದನ್ನು ರಕ್ತಕ್ಕೇ ಮರಳಿಸುತ್ತವೆ. ರಕ್ತದಲ್ಲಿ ಉಪ್ಪಿನಂಶ ತುಸು ಏರಿದರೂ ಮೆದುಳು ಅದನ್ನು ಗುರುತಿಸಿ, ಒಂದು ಕಡೆ ನೀರಡಿಕೆ ಹುಟ್ಟಿಸುತ್ತದೆ, ಇನ್ನೊಂದು ಕಡೆ ನೀರನ್ನು ಉಳಿಸಿಕೊಳ್ಳುವಂತೆ ಹಾರ್ಮೋನಿನ ಮೂಲಕ ಮೂತ್ರಪಿಂಡಕ್ಕೆ ಸೂಚಿಸುತ್ತದೆ. ಹೆಚ್ಚಾದ ಉಪ್ಪು ಮುಂದೆ ಮೂತ್ರದಲ್ಲಿ ಹೋಗುತ್ತದೆ. ಮೂತ್ರವೇ ಬಹುತೇಕ ನಿಂತಿರುವ ಇವರಲ್ಲಿ ತಿಂದ ಉಪ್ಪು ಮುಂದಿನ ಡಯಾಲಿಸಿಸ್‌ವರೆಗೆ ಒಳಗೇ ಉಳಿದು ನೀರನ್ನು ಕೇಳುತ್ತಲೇ ಇರುತ್ತದೆ. ಸಲೈನ್ ಬಾಟಲಿಯ 1 ಲೀಟರ್ ನೀರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಉಪ್ಪು ನಮ್ಮ ದೇಹದಲ್ಲೂ ನೀರನ್ನು ಹಿಡಿದಿಡುತ್ತದೆ, ಆ ನೀರು ಕಾಲಿಗೆ ಬಾವಾಗಿ, ಶ್ವಾಸಕೋಶಕ್ಕೆ ಇಳಿದರೆ ಉಬ್ಬಸವಾಗಿ ಕಾಣಿಸುತ್ತದೆ.

ಊಟದ ವಿವರ ಕೇಳಿದಾಗ ವಿಷಯ ತಿಳಿಯಾಯಿತು. ಬೆಳಿಗ್ಗೆ ರೊಟ್ಟಿಗೆ ರಂಜಕ (ಉಪ್ಪು ಹಾಕಿ ಅರೆದ ಕೆಂಪು ಮೆಣಸಿನಕಾಯಿ ಚಟ್ನಿ), ಮಧ್ಯಾಹ್ನ ಉಪ್ಪಿನಕಾಯಿ, ಡಯಾಲಿಸಿಸ್ ಮುಗಿದ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು, ಮಿರ್ಚಿ. ಅದನ್ನು ಕೊಡಿಸುತ್ತಿದ್ದವರು ಪತ್ನಿಯೇ: "ಸೂಜಿ ಚುಚ್ಚಿಸ್ಕೊಂಡು ದಣಿದಿರ್ತಾರ್ರೀ, ಬಾಯಿಗೆ ರುಚಿ ಅಂತ ಏನರ ಬೇಕಲ್ರೀ." ಇದನ್ನು ಹೇಳುತ್ತಲೇ ಆಕೆ ಅತ್ತುಬಿಟ್ಟರು. ತಪ್ಪು ಯಾರದ್ದೂ ಆಗಿರಲಿಲ್ಲ, ನೀರನ್ನು ಕಾಯುವ ಭರದಲ್ಲಿ ಉಪ್ಪಿನತ್ತ ಯಾರ ಗಮನವೂ ಹೋಗಿರಲಿಲ್ಲ.

ನಾನು ಮೊದಲು ಹೇಳಿದ್ದು ಕೀಲಿ ತೆಗೆಯಿರಿ ಎಂದು. ವೈದ್ಯರು ಹೇಳಿದ ಅಳತೆಯ ನೀರನ್ನು ಬೆಳಿಗ್ಗೆ ಅವರೇ ಒಂದು ಬಾಟಲಿಗೆ ತುಂಬಿಕೊಳ್ಳಲಿ. ಚಹಾ, ಮಜ್ಜಿಗೆ, ಸಾರು ಏನೇ ತೆಗೆದುಕೊಂಡರೂ ಅಷ್ಟು ನೀರನ್ನು ಅದರಿಂದ ಹೊರಚೆಲ್ಲಲಿ, ಮಾತ್ರೆಗಳನ್ನು ಸಾಧ್ಯವಾದಷ್ಟು ಊಟದ ಜೊತೆ ನುಂಗಲಿ, ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ ತಾವೇ ಬರೆದಿಡಲಿ. ಅಡುಗೆಯ ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆ, ದಾಟದಂತೆ ನೋಡಿಕೊಳ್ಳುವುದು ಪತ್ನಿಯ ಪಾಲಿಗೆ ಬಂತು. ರಂಜಕವನ್ನೂ ಉಪ್ಪಿನಕಾಯಿಯನ್ನೂ ಬಿಡುವುದೆಂದಾಯಿತು.

ಮಗ ಅಂಗಡಿಯಿಂದ 'ಕಡಿಮೆ ಸೋಡಿಯಂ' ಉಪ್ಪು ತಂದಿದ್ದಾನೆಂದು ತಿಳಿದು ನನಗೆ ನಿಜಕ್ಕೂ ಭಯವಾಯಿತು. ಅಂಥ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ರಕ್ತದ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿ ಇರಬೇಕು. ಹೆಚ್ಚಾದದ್ದನ್ನು ಹೊರಹಾಕುವ ಮೂತ್ರಪಿಂಡ ಕೆಲಸ ಮಾಡದಿದ್ದಾಗ ಅದು ಏರಿ, ಯಾವ ಮುನ್ಸೂಚನೆಯೂ ಇಲ್ಲದೆ ಹೃದಯದ ಬಡಿತವೇ ನಿಲ್ಲಬಹುದು. ಆ ಪೊಟ್ಟಣವನ್ನು ಬಳಸಲೇಬೇಡಿ ಎಂದೆ, ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣಿನ ವಿಚಾರವನ್ನು ಆಹಾರತಜ್ಞರ ಬಳಿ ಕೇಳಲು ಕಳಿಸಿದೆ.

ಮೂರನೆಯ ಭೇಟಿಗೆ ಅವರು ತಂದ ನೋಟುಬುಕ್ಕಿನಲ್ಲಿ ತೂಕದ ಏರಿಕೆ ಎರಡೂವರೆ ಕಿಲೋಗೆ ಇಳಿದಿತ್ತು. ನೀರಡಿಕೆ ಪೂರ್ತಿ ಹೋಗಿಲ್ಲ, ಆದರೆ ಕೊಟ್ಟಿಗೆಗೆ ಹೋಗುವುದು ನಿಂತಿದೆ. ಬೇಸಿಗೆಯ ಬಿಸಿಲೇರುವ ಮೊದಲು, ಮಗನನ್ನೂ ಕರೆದುಕೊಂಡು ಇನ್ನೊಮ್ಮೆ ಬರಲು ಹೇಳಿದ್ದೇನೆ.