ಕ್ಯಾಮೆರಾ ಪ್ರಶ್ನೋತ್ತರ: ಅಪ್ಪನ ಕೆಂಪು ಫಿಲ್ಟರ್ ಡಿಜಿಟಲ್‌ಗೆ ಒಗ್ಗುತ್ತದೆಯೇ?

ಪ್ರಶ್ನೆ: ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾದ ಚೀಲದಲ್ಲಿ ಹಳದಿ, ಕಿತ್ತಳೆ, ಕೆಂಪು ಗಾಜಿನ ಮೂರು ಫಿಲ್ಟರ್ ಸಿಕ್ಕವು. ಕೆಂಪನ್ನು ನನ್ನ ಡಿಜಿಟಲ್ ಕ್ಯಾಮೆರಾದ ಲೆನ್ಸಿಗೆ ಹಾಕಿ ಹಂಪಿಯ ಹೇಮಕೂಟದಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದೆ. ಆಕಾಶವೇನೋ ಕಪ್ಪಾಯಿತು. ಆದರೆ ಬಿಸಿಲಿನ ಬಂಡೆಗಳ ಮೇಲಿನ ಗೆರೆಗಳೆಲ್ಲ ಮಾಯ, ನೆರಳಿನಲ್ಲಿ ರವೆ ಚೆಲ್ಲಿದಂಥ ಚುಕ್ಕೆಗಳು. ಫಿಲ್ಟರ್ ಹಾಳಾಗಿದೆಯೇ?
– ಹೊಸಪೇಟೆಯ ಓದುಗರು

ಉತ್ತರ: ಫಿಲ್ಟರಿಗೆ ಏನೂ ಆಗಿಲ್ಲ. ನಿಮ್ಮ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಆಗಲೇ ಬಣ್ಣದ ಫಿಲ್ಟರ್‌ಗಳು ಕೂತಿವೆ, ಅವುಗಳ ಮುಂದೆ ನೀವು ಇನ್ನೊಂದನ್ನು ಇಟ್ಟಿರಿ, ಅಷ್ಟೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ: ಪ್ರತಿ ನಾಲ್ಕು ಪಿಕ್ಸೆಲ್‌ನಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ದಟ್ಟ ಕೆಂಪು ಗಾಜು ಅಡ್ಡ ಬಂದರೆ ಹಸಿರು, ನೀಲಿ ಪಿಕ್ಸೆಲ್‌ಗಳಿಗೆ ಬೆಳಕು ತಲುಪುವುದೇ ಕಡಿಮೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ನಿಜವಾಗಿ ದುಡಿಯುವುದು 6 ಮೆಗಾಪಿಕ್ಸೆಲ್, ಮಿಕ್ಕಿದ್ದೆಲ್ಲ ಸಾಫ್ಟ್‌ವೇರ್‌ನ ಊಹೆ. ಸಾಲದ್ದಕ್ಕೆ ಆ ಗಾಜು ಸುಮಾರು 3 ಸ್ಟಾಪ್ ಬೆಳಕು ನುಂಗುತ್ತದೆ, ಎಂದರೆ ಎಂಟರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಅದನ್ನು ತುಂಬಿಕೊಳ್ಳಲು ಕ್ಯಾಮೆರಾದ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ ಏರಿರುತ್ತದೆ. ರವೆ ಬಂದದ್ದು ಅಲ್ಲಿಂದ.

ಗೆರೆಗಳು ಮಾಯವಾದದ್ದಕ್ಕೆ ಕಾರಣ ಬೇರೆ. ಹಂಪಿಯ ಬಂಡೆ ಬಿಸಿಲಿನಲ್ಲಿ ಕೆಂಪು-ಕಿತ್ತಳೆಯ ಕಡೆಗೆ ವಾಲುವ ಕಲ್ಲು. ಹಾಗಾಗಿ ಕೆಂಪು ಪಿಕ್ಸೆಲ್‌ಗಳು ತುಂಬಿ ತುಳುಕಿವೆ, ಪಕ್ಕದ ಹಸಿರು-ನೀಲಿ ಬರಿದಾಗಿವೆ. ಮೂರನ್ನೂ ಬೆರೆಸಿ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ‘ಎಲ್ಲ ಸರಿಯಿದೆ’ ಎನ್ನುತ್ತಿರುತ್ತದೆ. ಬಣ್ಣವಾರು ಹಿಸ್ಟೋಗ್ರಾಂ ಹಾಕಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಗಾಜು ಬಿಚ್ಚಿಡಿ. ಬಣ್ಣದಲ್ಲೇ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ. ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ, ಒಂದೊಂದು ಬಣ್ಣ ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ಹೊಂದಿಸುವ ಸ್ಲೈಡರ್‌ಗಳಲ್ಲಿ ನೀಲಿಯದನ್ನು ಇಳಿಸಿ, ಕಿತ್ತಳೆಯನ್ನು ತುಸು ಏರಿಸಿ. ಆಕಾಶ ಕಪ್ಪಾಗುತ್ತದೆ, ಬಂಡೆ ಬೆಳಗುತ್ತದೆ, ಗೆರೆಗಳೂ ಉಳಿಯುತ್ತವೆ. ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯ ಮುಂದೆ ನಿಂತಾಗ ಕೈಯಲ್ಲಿ ಉಳಿದಿದ್ದದ್ದು ಫಿಲ್ಮಿನ ಬದಲು ಬಳಸುತ್ತಿದ್ದ ಎರಡೇ ಗಾಜಿನ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಮೇಲೆ, ಮನಸ್ಸಿನಲ್ಲಿದ್ದ ಕಡುಗಪ್ಪು ಆಕಾಶ ಅದರಿಂದ ಬರುವುದಿಲ್ಲ ಎನ್ನಿಸಿ ಕೊನೆಯ ಪ್ಲೇಟಿಗೆ ದಟ್ಟ ಕೆಂಪು ಹಾಕಿದರು. ಹೆಸರಾದದ್ದು ಆ ಎರಡನೆಯ ಚಿತ್ರ. ನಿಮಗೆ ಒಂದೇ ಫೈಲಿನಲ್ಲಿ ಎರಡು ಪ್ಲೇಟೂ ಇವೆ.

ಆದರೆ ಸ್ಲೈಡರ್ ಪುಕ್ಕಟೆಯೆಂದು ಎಳೆದದ್ದೇ ಎಳೆದರೆ ಬಂಡೆಯೂ ಆಕಾಶವೂ ಕೂಡುವ ಅಂಚಿನಲ್ಲಿ ಬಿಳಿ ದಾರ ಹೊಲಿದಂತೆ ಗೆರೆ ಬರುತ್ತದೆ, ಆಕಾಶ ತೇಪೆ ತೇಪೆಯಾಗುತ್ತದೆ. ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಆ ಅಂಚನ್ನೇ ನೋಡುತ್ತ ಎಳೆಯಿರಿ. ನಾನಂತೂ ನೀಲಿಯನ್ನು -40ರ ಆಸುಪಾಸು ನಿಲ್ಲಿಸಿಬಿಡುತ್ತೇನೆ. ಕ್ಯಾಮೆರಾವೇ ಕುಗ್ಗಿಸಿ ಕೊಡುವ ಜೆಪೆಗ್ ಫೈಲ್ ಆದರೆ ಅಷ್ಟೂ ತಡೆಯುವುದಿಲ್ಲ.

ಅಪ್ಪನ ಗಾಜುಗಳನ್ನು ಎಸೆಯಬೇಡಿ. 2012ರ ಲೈಕಾ ಎಂ ಮೊನೊಕ್ರೋಮ್, 2023ರ ಪೆಂಟಾಕ್ಸ್ ಕೆ-3 ಮಾರ್ಕ್ 3 ಮೊನೊಕ್ರೋಮ್ ಥರದ ಕ್ಯಾಮೆರಾಗಳ ಸೆನ್ಸರ್ ಮೇಲೆ ಬಣ್ಣದ ಜೋಡಣೆಯೇ ಇಲ್ಲ. ಅವು ಬಣ್ಣವನ್ನು ದಾಖಲಿಸುವುದೇ ಇಲ್ಲವಾದ್ದರಿಂದ ಆಮೇಲೆ ಎಳೆಯಲು ಸ್ಲೈಡರ್ ಇಲ್ಲ. ಅಲ್ಲಿ ಗಾಜೇ ಗತಿ. ಅವುಗಳ ಬೆಲೆ ಕೇಳಿದರೆ ಗಾಜಿಗಿಂತ ಮೊದಲು ನಮ್ಮ ಕಣ್ಣು ಕೆಂಪಾಗುತ್ತದೆ, ಅದು ಬೇರೆ ಮಾತು.

ಪ್ರಶ್ನೆ: ಕ್ಯಾಮೆರಾದ ಮೊನೊಕ್ರೋಮ್ ಮೆನುವಿನಲ್ಲೇ ಹಳದಿ, ಕಿತ್ತಳೆ, ಕೆಂಪು, ಹಸಿರು ಫಿಲ್ಟರ್ ಇವೆಯಲ್ಲ?

ಉತ್ತರ: ಅದು ಕ್ಯಾಮೆರಾದೊಳಗಿನ ಸಾಫ್ಟ್‌ವೇರ್, ಜೆಪೆಗ್‌ಗೆ ಮಾತ್ರ ಅನ್ವಯ. ರಾ ಮತ್ತು ಜೆಪೆಗ್ ಎರಡನ್ನೂ ಆನ್ ಮಾಡಿ ಅದನ್ನು ಕೆಂಪಿಗಿಟ್ಟರೆ ಹಿಂಬದಿಯ ತೆರೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ರಾ ಫೈಲ್‌ನಲ್ಲಿ ಬಣ್ಣ ಭದ್ರವಾಗಿರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಪ್ರಶ್ನೆ: ಅಜ್ಜಿಯ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ ಕುಂಕುಮ ಹಣೆಯಲ್ಲಿ ಮಸುಕಾಗುತ್ತದೆ. ಹಸಿರು ಇಳಕಲ್ ಸೀರೆಯೂ ಅದರ ಕೆಂಪು ಸೆರಗೂ ಒಂದೇ ಬೂದು. ಏನು ಮಾಡಲಿ?
– ಬಾಗಲಕೋಟೆಯ ಓದುಗರು

ಉತ್ತರ: ನಿಮ್ಮ ಪ್ರಶ್ನೆ ನನ್ನ ಹಳೆಯ ಗಾಯವನ್ನು ಕೆದಕಿತು. ಫಿಲ್ಮ್ ಕಾಲದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಬೆಳಿಗ್ಗೆ ಗುಡ್ಡದ ಚಿತ್ರ ತೆಗೆಯಲು ಹಾಕಿದ್ದ ಕೆಂಪು ಫಿಲ್ಟರನ್ನು ಬಿಚ್ಚಲು ಮರೆತು ಒಂದಿಡೀ ರೋಲ್ ಮುಗಿಸಿದೆ. ಪ್ರಿಂಟ್ ನೋಡಿದರೆ ಹೆಂಗಸರ ಹಣೆಯಲ್ಲಿ ಕುಂಕುಮವೇ ಇಲ್ಲ! ಕೆಂಪು ಗಾಜು ಕೆಂಪನ್ನು ಬಿಳಿಚಿಸುತ್ತದೆ. ಚರ್ಮವೂ ತಿಳಿ, ಕುಂಕುಮವೂ ತಿಳಿ. ಸೋದರತ್ತೆ ಚಿತ್ರ ಹಿಡಿದುಕೊಂಡು, “ಮುತ್ತೈದೆಯರ ಹಣೆ ಬರಿದು ಮಾಡಿದ್ದೀಯಲ್ಲೋ, ನಿನಗೆ ಬುದ್ಧಿ ಬೇಡ್ವೇನೋ?” ಎಂದು ಬೈದದ್ದು ಇನ್ನೂ ಕಿವಿಯಲ್ಲಿದೆ.

ಹಸಿರು ಗಾಜು ಹಾಕಿದ್ದರೆ ಕುಂಕುಮ ಕಪ್ಪಗೆ ಎದ್ದು ಕಾಣುತ್ತಿತ್ತು, ಆದರೆ ಮುಖವೂ ಕಪ್ಪಿಡುತ್ತಿತ್ತು. ಗಾಜಿಗೆ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ, ಸ್ಲೈಡರಿಗೆ ಬರುತ್ತದೆ. ನಮ್ಮ ಚರ್ಮದ ಬಣ್ಣ, ಗೋಧಿಯಾಗಲಿ ಎಣ್ಣೆಗಪ್ಪಾಗಲಿ, ಹೆಚ್ಚಾಗಿ ಕಿತ್ತಳೆಯ ಸ್ಲೈಡರಿನಲ್ಲಿರುತ್ತದೆ, ಕುಂಕುಮ ಕೆಂಪಿನಲ್ಲಿ. ಕಿತ್ತಳೆಯನ್ನು +10, +15ರಷ್ಟು ಏರಿಸಿ ಕೆಂಪನ್ನು -30ಕ್ಕೆ ಇಳಿಸಿ ನೋಡಿ. ಮುಖ ಬೆಳಗಿ ಕುಂಕುಮ ಗಟ್ಟಿಯಾಗುತ್ತದೆ. ಎಲೆ ಅಡಿಕೆ ಹಾಕಿಕೊಂಡ ತುಟಿಯೂ ಜೊತೆಗೇ ಕಪ್ಪಾಗುತ್ತದೆ, ಹುಷಾರು.

ಸೀರೆಯದೂ ಇದೇ ಲೆಕ್ಕ. ಹೊಳಪು ಒಂದೇ ಆಗಿರುವ ಕೆಂಪು-ಹಸಿರು, ಬಣ್ಣ ತೆಗೆದೊಡನೆ ಒಂದೇ ಬೂದಾಗುತ್ತವೆ. ಕೆಂಪನ್ನು ಕುಂಕುಮಕ್ಕಾಗಿ ಆಗಲೇ ಇಳಿಸಿದ್ದೀರಿ. ಹಸಿರನ್ನು ಸ್ವಲ್ಪ ಎತ್ತಿದರೆ ಸೆರಗು ಒಡಲಿನಿಂದ ಬೇರೆಯಾಗುತ್ತದೆ. ಇನ್ನು ಅಜ್ಜಿಯ ಮುಖದ ಸುಕ್ಕುಗಳು ಕಾಣಬೇಕೆಂದರೆ ಕಿತ್ತಳೆಯನ್ನು ಏರಿಸುವ ಬದಲು ಇಳಿಸಿ. ನನಗೆ ಅದೇ ಇಷ್ಟ, ಆದರೆ ಮೊದಲು ಅಜ್ಜಿಯನ್ನು ಕೇಳಿ.

ಪ್ರಶ್ನೆ: ಮಳೆಗಾಲದಲ್ಲಿ ನೀಲಿಯನ್ನು ಎಷ್ಟು ಇಳಿಸಿದರೂ ಆಕಾಶ ಬಿಳಿಯಾಗಿಯೇ ಇರುತ್ತದೆ.
– ತೀರ್ಥಹಳ್ಳಿಯ ಓದುಗರು

ಉತ್ತರ: ಮೋಡದಲ್ಲಿ ನೀಲಿಯೇ ಇಲ್ಲವಲ್ಲ, ಇಳಿಯುವುದಾದರೂ ಏನು? ಕೆಂಪು ಗಾಜು ಹಾಕಿದರೂ ಅಷ್ಟೇ. ಆಷಾಢದಲ್ಲಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು ಗದ್ದೆಗೆ ಕ್ಯಾಮೆರಾ ತಿರುಗಿಸಿ. ಆಮೇಲೆ ಹಸಿರು ಸ್ಲೈಡರನ್ನು ಮುಟ್ಟುವ ಮೊದಲು ಹಳದಿಯನ್ನು ಏರಿಸಿ ನೋಡಿ. ಕಣ್ಣಿಗೆ ಅಚ್ಚ ಹಸಿರೆನ್ನಿಸುವ ಸಸಿಮಡಿಯಲ್ಲಿ ಹಳದಿಯ ಪಾಲು ದೊಡ್ಡದು. ಸಸಿಗಳು ಬೆಳ್ಳಗೆ ಹೊಳೆಯುತ್ತವೆ, ಹಿಂದಿನ ಅಡಿಕೆ ತೋಟ ಹೆಚ್ಚುಕಮ್ಮಿ ಇದ್ದಷ್ಟೇ ಕಪ್ಪಗೆ ನಿಲ್ಲುತ್ತದೆ.